ವಾಂತಿ-ಭೇದಿ ಆಗಿದ್ದ ಮನೆಗೆ ಹೋಗಬೇಕಾದಾಗ ಏನು ಮಾಡಬೇಕು?

ಪಂಚಮಿ ಹತ್ತಿರ ಬಂತು ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹೆಣ್ಣುಮಕ್ಕಳು ತವರಿಗೆ ಹೊರಡುವ ಕಾಲ. ಮಳೆಗಾಲವೂ ಅದೇ, ಹೊಟ್ಟೆ ಕೆಡುವ ಕಾಲವೂ ಅದೇ. ಬ್ಯಾಗು ತುಂಬಿ ಇಟ್ಟ ಮೇಲೆ ಫೋನ್ ಬರುತ್ತದೆ: "ಸಣ್ಣಾವಗ ವಾಂತಿ ಜುಲಾಬ್ ಹತ್ತಿತ್ತು. ಈಗ ಆರಾಮ ಅದಾನ, ನೀವು ಬರ್ರಿ." ಹೋಗಬೇಕಾ, ಬಿಡಬೇಕಾ? ಹೋದರೆ ಮಕ್ಕಳಿಗೆ ಅಂಟುತ್ತದೆ ಅನ್ನೋ ಹೆದರಿಕೆ. ಬಿಟ್ಟರೆ "ಅವರಿಗೆ ಹೇಸಿಗೆ ಬಂತು" ಅಂತ ಅಂದುಕೊಂಡಾರು ಅನ್ನೋ ಸಂಕೋಚ.

ನನ್ನ ಉತ್ತರ ಸರಳ. ಎರಡು ದಿನ ತಡೆದು ಹೋಗಿ. ತಡೆಯೋಕೆ ಆಗದಿದ್ದರೆ ಕೈಯನ್ನೂ ಬಾಯಿಯನ್ನೂ ಕಾಯ್ದುಕೊಂಡು ಹೋಗಿ. ಅದನ್ನು ಹೇಗೆ ಮಾಡುವುದು ಅಂತ ಕೆಳಗೆ ಬಿಡಿಸಿ ಹೇಳಿದ್ದೇನೆ.

ಮೊದಲು ಫೋನ್ ಮಾಡಿ, ಮೂರು ಮಾತು ಕೇಳಿ

"ಈಗ ಹೆಂಗದಾನ?" ಅಂತ ಕೇಳಿದರೆ "ಆರಾಮ" ಅಂತಲೇ ಉತ್ತರ ಬರುತ್ತದೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಕೇಳಿ: "ವೈನಿ, ಕಡೀಕ ವಾಂತಿ ಆಗಿದ್ದು ಯಾವಾಗ್ರಿ? ಸಂಡಾಸಕ್ಕ ಕಡೀಕ ಹೋಗಿದ್ದು ಯಾವಾಗ?" ಕೊನೆಯ ವಾಂತಿ ಅಥವಾ ಕೊನೆಯ ನೀರುಭೇದಿ, ಇವೆರಡರಲ್ಲಿ ಯಾವುದು ತಡವಾಗಿ ಆಯಿತೋ ಅಲ್ಲಿಂದ 48 ಗಂಟೆ ಎಣಿಸಿ. ಕಾಯಿಲೆ ಇದ್ದಾಗ ಮತ್ತು ನಿಂತ ಮೇಲಿನ ಮೊದಲ ಎರಡು-ಮೂರು ದಿನ ಹರಡುವುದು ಜಾಸ್ತಿ. ಹುಡುಗ ಎದ್ದು ಆಡುತ್ತಿದ್ದಾನೆ, ಊಟ ಮಾಡುತ್ತಿದ್ದಾನೆ ಅನ್ನುವುದು ಅವನ ಮಟ್ಟಿಗೆ ಒಳ್ಳೆಯ ಸುದ್ದಿ. ನಿಮ್ಮ ಲೆಕ್ಕ ಮಾತ್ರ ಗಡಿಯಾರದ್ದು.

ಎರಡನೆಯದು: "ಮನಿಯಾಗ ಮತ್ತ್ಯಾರಿಗರೆ ಆಗೇತೇನು?" ಒಬ್ಬರಾದ ಮೇಲೆ ಒಬ್ಬರಿಗೆ, ಒಂದೆರಡು ದಿನದ ಅಂತರದಲ್ಲಿ ಶುರುವಾಗಿದ್ದರೆ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ ಅಂತ ತಿಳಿಯಿರಿ. ಮೊದಲ ಹುಡುಗ ಆರಾಮಾಗಿದ್ದರೂ ಮನೆಯಲ್ಲಿ ಕಾಯಿಲೆ ಇನ್ನೂ ಮುಗಿದಿಲ್ಲ. ಕೊನೆಯವರು ಆರಾಮಾದ ಮೇಲೆ 48 ಗಂಟೆ ಎಣಿಸಬೇಕು. ಒಂದೇ ಊಟ ಮಾಡಿದ ಎಲ್ಲರಿಗೂ ಕೆಲವೇ ಗಂಟೆಯೊಳಗೆ ಒಟ್ಟಿಗೆ ವಾಂತಿ ಹತ್ತಿದ್ದರೆ ಊಟವೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆದರೂ ಖಾತ್ರಿ ಹೇಳಲಾಗದು. ಹರಡುವ ಜಾತಿಯದೇ ಅಂತ ಅಂದುಕೊಂಡು ನಡೆದುಕೊಳ್ಳುವುದು ಜಾಣತನ.

ಮೂರನೆಯದು: "ಓಣ್ಯಾಗ ಬ್ಯಾರೆ ಮನಿಗೋಳಿಗೂ ಐತೇನು?" ಓಣಿಯಲ್ಲಿ ನಾಲ್ಕು ಮನೆಗೆ ಬಂದಿದ್ದರೆ ಅನುಮಾನ ನೀರಿನ ಮೇಲೆ. ಆಗ ನೀರಿನ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಯಾರು ಹೋಗಲೇಬಾರದು

ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು. ಇವರಿಗೆ ಒಂದು ದಿನದ ವಾಂತಿ-ಭೇದಿಯೂ ಆಸ್ಪತ್ರೆ ತೋರಿಸಬಹುದು. 48 ಗಂಟೆ ಆಗಿದ್ದರೂ ಇನ್ನೂ ಮೂರು-ನಾಲ್ಕು ದಿನ ಬಿಟ್ಟು ಹೋಗಲಿ. ತವರು ಎಲ್ಲಿಗೂ ಹೋಗುವುದಿಲ್ಲ.

ಕೂಸಿಗೆ ರೋಟಾವೈರಸ್ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಭಾರತದಲ್ಲಿ ಇದನ್ನು ಸರಕಾರಿ ಲಸಿಕೆ ಪಟ್ಟಿಗೆ ಸೇರಿಸಲು ಶುರು ಮಾಡಿದ್ದು 2016ರಲ್ಲಿ. 6, 10, 14 ವಾರಕ್ಕೆ ಬಾಯಿಗೆ ಹಾಕುತ್ತಾರೆ, ಪುಕ್ಕಟೆ. ಇದು ರೋಟಾವೈರಸ್‌ನ ಜೋರು ಭೇದಿ ತಡೆಯುತ್ತದೆ. ನೊರೊವೈರಸ್ ಅನ್ನೋ ಇನ್ನೊಂದಿದೆಯಲ್ಲ, ದೊಡ್ಡವರು ಚಿಕ್ಕವರು ಅನ್ನದೆ ಮನೆಮಂದಿಗೆಲ್ಲ ಸಾಲಾಗಿ ವಾಂತಿ ಹಚ್ಚುವುದು, ಅದನ್ನು ಈ ಲಸಿಕೆ ತಡೆಯುವುದಿಲ್ಲ.

ಅದು ಹೇಗೆ ಅಂಟುತ್ತದೆ ಅಂತ ಗೊತ್ತಿರಲಿ

ನೊರೊವೈರಸ್ ಒಳಹೊಕ್ಕಲು ಅತಿ ಕಡಿಮೆ ಸಾಕು. ಕಣ್ಣಿಗೆ ಕಾಣದ ಕೆಲವೇ ಕಣ. ಕಾಯಿಲೆಯಾದವರ ವಾಂತಿ-ಭೇದಿಯಲ್ಲಿ ಅಂಥವು ಕೋಟಿಗಟ್ಟಲೆ ಇರುತ್ತವೆ. ಸಂಡಾಸದ ಚಿಲಕ, ನಲ್ಲಿ, ಮೊಬೈಲ್, ಟಿವಿ ರಿಮೋಟ್ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಅಲ್ಲಿಂದ ನಿಮ್ಮ ಬೆರಳಿಗೆ, ಬೆರಳಿಂದ ಬಾಯಿಗೆ. ಪಕ್ಕದಲ್ಲೇ ಯಾರಾದರೂ ವಾಂತಿ ಮಾಡಿಕೊಂಡರೆ ಗಾಳಿಯಲ್ಲಿ ಸಿಡಿದ ಹನಿಯಿಂದಲೂ ಬರಬಹುದು. ಆರಾಮಾದವರ ಮಲದಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ವೈರಸ್ ಹೋಗುತ್ತಿರುತ್ತದೆ. 48 ಗಂಟೆ ಕಳೆದ ಮೇಲೂ ಕೈ ತೊಳೆಯುವುದನ್ನು ಬಿಡಬಾರದು ಅನ್ನುವುದು ಇದಕ್ಕೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೊರೋನಾ ಬಂದ ಮೇಲೆ ಎಲ್ಲರ ಪರ್ಸಿನಲ್ಲೂ ಸ್ಯಾನಿಟೈಸರ್ ಬಂತು. ಕೊರೋನಾ ವೈರಸ್ ಸುತ್ತ ಕೊಬ್ಬಿನ ಪದರ ಇದೆ. ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ನೊರೊವೈರಸ್‌ಗೆ ಆ ಪದರವೇ ಇಲ್ಲ. ಅದರ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಮತ್ತು ಹರಿಯುವ ನೀರೇ ಬೇಕು. ಅದು ವೈರಸ್ಸನ್ನು ಕೈಯಿಂದ ಬಿಡಿಸಿ ತೊಳೆದು ಹಾಕುತ್ತದೆ.

ಹೊರಡುವಾಗ ಚೀಲದಲ್ಲಿ ಏನಿರಬೇಕು

ಕುದಿಸಿ ಆರಿಸಿದ ನೀರಿನ ಬಾಟಲಿ, ತಲೆಗೊಂದು. ಒಂದು ಸಣ್ಣ ಸೋಪು. ಒಬ್ಬೊಬ್ಬರಿಗೆ ಒಂದು ಕರ್ಚೀಫು ಅಥವಾ ಚಿಕ್ಕ ಟವೆಲ್. ಮಕ್ಕಳು ಜೊತೆಗಿದ್ದರೆ ಅವರದೇ ತಿಂಡಿ, ಅವರದೇ ಲೋಟ.

ರಾತ್ರಿ ಉಳಿಯುವುದಿದ್ದರೆ ಹೊದಿಕೆ ಒಯ್ಯಿರಿ. ನಮ್ಮ ಮನೆಗಳಲ್ಲಿ ಕೌದಿ ಅಂದರೆ ಎಲ್ಲರದೂ. ಹುಡುಗ ಜ್ವರದಲ್ಲಿ ಹೊದ್ದಿದ್ದ ಕೌದಿಯನ್ನೇ ಮಡಚಿಟ್ಟು, ನೀವು ಬಂದಾಗ ಪ್ರೀತಿಯಿಂದ ತೆಗೆದು ಕೊಡುತ್ತಾರೆ. ನಾಲ್ಕು ಹಳೆ ಸೀರೆ ಪದರ ಹೊಲಿದ ಆ ಭಾರದ ಕೌದಿ ಮಳೆಗಾಲದಲ್ಲಿ ಒಗೆದರೆ ಒಣಗುವುದೇ ಇಲ್ಲ, ಹಾಗಾಗಿ ಯಾರೂ ಒಗೆದಿರುವುದಿಲ್ಲ. "ಹುಡುಗ್ರಿಗೆ ತಮ್ಮ ಚಾದರ ಬಿಟ್ರ ನಿದ್ದಿ ಬರಂಗಿಲ್ರಿ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಅವರಿಗೆ ಏನು ಒಯ್ಯುವುದು? ಪೇಢೆ ಬಾಕ್ಸ್ ಬೇಡ. ಬಾಕ್ಸ್ ತೆರೆದ ಕೂಡಲೇ ಎಲ್ಲರ ಕೈಯೂ ಅದರೊಳಗೆ ಹೋಗುತ್ತದೆ, ಕಾಯಿಲೆ ಬಿದ್ದೆದ್ದ ಹುಡುಗನದೂ. ಅವನ ಹೊಟ್ಟೆಗೂ ಅಷ್ಟು ಸಿಹಿ ಈಗ ಹಿಡಿಸುವುದಿಲ್ಲ. ಎಳನೀರು, ಬಾಳೆಹಣ್ಣು, ಓಆರ್‌ಎಸ್ ಪ್ಯಾಕೆಟ್ ಒಯ್ಯಿರಿ. ಅಡುಗೆ ಮಾಡಿ ಒಯ್ದರೆ ಇನ್ನೂ ಒಳ್ಳೆಯದು, ಅವರ ಮನೆಯಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ. ಮೆತ್ತಗಿನ ಅನ್ನ, ತೊವ್ವೆ ಸಾಕು. ಆದರೆ ಸ್ಟೀಲ್ ಡಬ್ಬಿಯಲ್ಲಿ ಬೇಡ. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ಅವರು ಅದರಲ್ಲಿ ಏನಾದರೂ ತುಂಬಿಯೇ ಕಳಿಸುತ್ತಾರೆ. ವಾಪಸ್ ತರಬೇಕಾಗಿಲ್ಲದ ಡಬ್ಬಿಯಲ್ಲಿ ಒಯ್ದುಬಿಡಿ.

ಬಾಗಿಲಲ್ಲಿ ಮತ್ತು ಪಡಸಾಲೆಯಲ್ಲಿ

ಹೋದ ಕೂಡಲೇ ಕೈಕಾಲಿಗೆ ನೀರು ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಬಹಳ ಒಳ್ಳೆಯದು. ಜೊತೆಗೆ ಸೋಪು ಕೇಳಿ. ಮಳೆ ಇಲ್ಲದಿದ್ದರೆ ಹೊರಗೆ ಕಟ್ಟೆ ಮೇಲೆ ಕೂತು ಮಾತಾಡಿ, ಅಥವಾ ಕಿಟಕಿ ತೆಗೆದ ಪಡಸಾಲೆಯಲ್ಲಿ. ಹುಡುಗ ಮಲಗಿದ್ದ ಕೋಣೆಗೆ, ವಾಂತಿ ಆಗಿದ್ದ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ.

ಹಿರಿಯರ ಕಾಲಿಗೆ ಬಿದ್ದರೆ ಏನೂ ಆಗುವುದಿಲ್ಲ. ಭುಜ ತಟ್ಟಿ ಮಾತಾಡಿಸಿದರೂ ಆಗುವುದಿಲ್ಲ. ಆ ಕೈ ತೊಳೆಯದೆ ಬಾಯಿಗೆ ಹೋದಾಗ ಮಾತ್ರ ತೊಂದರೆ. ಕೂಸಿನ ಕೈಗೆ, ಬಾಯಿಗೆ ಮುತ್ತು ಕೊಡುವುದು ಈ ಸಲ ಬೇಡ. ನಿಮ್ಮ ಮೊಬೈಲನ್ನು ಆ ಮನೆಯ ಹುಡುಗನ ಕೈಗೆ ಕೊಡಬೇಡಿ. ಅವನ ಆಟದ ಸಾಮಾನು, ಹಲಗಿ, ಬಣ್ಣದ ಕಡ್ಡಿ ನಿಮ್ಮ ಮಕ್ಕಳ ಕೈಗೆ ಬಂದರೆ ಆಡಲಿ ಬಿಡಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಮೊದಲಿನಿಂದ ಕೊನೆಯವರೆಗೂ "ಮುಟ್ಟಬ್ಯಾಡ, ಮುಟ್ಟಬ್ಯಾಡ" ಅಂತ ಕೂಗಿದರೆ ಎರಡೂ ಕಡೆಯ ಮಕ್ಕಳು ಅಳುತ್ತಾರೆ, ಅಷ್ಟೇ.

ಬಚ್ಚಲ ಮತ್ತು ಸಂಡಾಸ

ಸಾಧ್ಯವಾದರೆ ಅವರ ಮನೆಯ ಸಂಡಾಸ ಬಳಸಬೇಡಿ. ಚಿಕ್ಕ ಭೇಟಿಯಾದರೆ ಮನೆಯಿಂದ ಹೋಗಿಯೇ ಹೊರಡಿ. ಎರಡು ಸಂಡಾಸ ಇದ್ದರೆ ಕಾಯಿಲೆಯವರು ಬಳಸದ್ದನ್ನು ಕೇಳಿ ಬಳಸಿ. ಕಮೋಡ್ ಆಗಿದ್ದರೆ ಮುಚ್ಚಳ ಮುಚ್ಚಿ ಫ್ಲಶ್ ಮಾಡಿ.

ಕೈ ತೊಳೆಯುವುದರಲ್ಲಿ ಒಂದು ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತದೆ. ನಲ್ಲಿ ಇಲ್ಲದ ಬಚ್ಚಲಲ್ಲಿ ಬ್ಯಾರಲ್ ಇರುತ್ತದೆ, ಮೇಲೊಂದು ಮಗ್. ಕೊಳೆ ಕೈಯಿಂದಲೇ ಮಗ್ ಹಿಡಿಯುತ್ತೇವೆ. ನೀರು ಹಾಕಿಕೊಂಡು ಸೋಪು ಹಚ್ಚುತ್ತೇವೆ. ತೊಳೆದುಕೊಳ್ಳಲು ಮತ್ತೆ ಅದೇ ಹಿಡಿಕೆ ಹಿಡಿಯುತ್ತೇವೆ. ಹಿಡಿಕೆಯ ಮೇಲಿದ್ದದ್ದು ತೊಳೆದ ಕೈಗೆ ವಾಪಸ್ ಬಂತು. ಅದಕ್ಕೆ ಯಾರಾದರೂ ಮೇಲಿಂದ ನೀರು ಹಾಕಲಿ. ಒಬ್ಬರೇ ಇದ್ದರೆ ಸೋಪು ಹಚ್ಚಿದ ಕೈಯಿಂದ ಮಗ್ಗಿನ ಹಿಡಿಕೆಯನ್ನೂ ಉಜ್ಜಿ, ಎರಡನ್ನೂ ಒಟ್ಟಿಗೆ ತೊಳೆಯಿರಿ. ನಲ್ಲಿ ಇದ್ದರೆ ಅದರ ತಿರುಪಿಗೂ ಇದೇ ಮಾತು. ಕೈಯನ್ನು ಬ್ಯಾರಲ್ಲಿನೊಳಗೆ ಅದ್ದುವುದಂತೂ ಬೇಡವೇ ಬೇಡ.

ಉಜ್ಜುವುದು ಕನಿಷ್ಠ 20 ಸೆಕೆಂಡು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ. ಉಂಗುರ, ಬಳೆ ಹಾಕಿಕೊಂಡವರು ಅದರ ಕೆಳಗೂ ಉಜ್ಜಬೇಕು. ಒರೆಸಿಕೊಳ್ಳುವುದು ನಿಮ್ಮ ಕರ್ಚೀಫಿಗೆ. ಮೊಳೆಗೆ ತೂಗಿಬಿಟ್ಟ ಮನೆಯ ಟವೆಲ್ಲಿಗೆ ಎಲ್ಲರೂ ಕೈ ಒರೆಸಿರುತ್ತಾರೆ.

ಊಟ, ಚಾ, ಉಂಡಿ

ಕಷ್ಟ ಇರುವುದು ಇಲ್ಲೇ. ನಮ್ಮ ಕಡೆ ಏನೂ ತಿನ್ನದೆ ಎದ್ದು ಬರುವುದು ಸುಲಭವಲ್ಲ, ಅಲ್ವಾ? ಹಾಗಾಗಿ ಎಲ್ಲಕ್ಕೂ ಬೇಡ ಅನ್ನುವ ಬದಲು ಯಾವುದು ತಿನ್ನಬಹುದು ಅಂತ ಗೊತ್ತಿದ್ದರೆ ಒಳ್ಳೆಯದು.

ಚಾ ಕುಡಿಯಬಹುದು. ಕುದ್ದು ಬಂದಿರುತ್ತದೆ. ಕಪ್ಪು-ಲೋಟ ಸೋಪಿನಲ್ಲಿ ತೊಳೆದು ಬಿಸಿನೀರು ಹಾಕಿದ್ದರೆ ಚಲೋ. ಕಣ್ಣೆದುರು ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಹಬೆಯಾಡುವ ಪಲ್ಯ, ಸಾರು ತಿನ್ನಬಹುದು. ಚಮಚದಲ್ಲಿ ಬಡಿಸಲಿ. ಬಾಳೆಹಣ್ಣನ್ನು ನೀವೇ ಕೈ ತೊಳೆದು ಸುಲಿದು ತಿನ್ನಿ.

ರೊಟ್ಟಿ ಜೊತೆ ಇಡುವ ಹಸಿ ಮೆಂತ್ಯ, ಈರುಳ್ಳಿ, ಸೌತೆಕಾಯಿ, ಪಚಡಿ ಬಿಡಿ. ಕೈಯಿಂದ ಕಲಸಿದ ಗಿರಮಿಟ್ ಬಿಡಿ. ನೀರು ಬೆರೆಸಿದ ಮಜ್ಜಿಗೆ, ಹೆಚ್ಚಿಟ್ಟ ಹಣ್ಣು ಕೂಡ ಬೇಡ.

ಪಂಚಮಿಯಲ್ಲಿ ನಿಜವಾದ ಪ್ರಶ್ನೆ ಉಂಡಿಯದು. ಶೇಂಗಾ ಉಂಡಿ ಕಟ್ಟುವುದನ್ನು ನೋಡಿ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಲ್ಲದ ಜೊತೆ ಕುಟ್ಟುತ್ತಾರೆ. ಆಮೇಲೆ ಬರಿಗೈಯಲ್ಲಿ ಒತ್ತಿ ಒತ್ತಿ ಉರುಟು ಮಾಡುತ್ತಾರೆ. ಒಂದೊಂದು ಉಂಡಿಯೂ ಅಂಗೈಯಲ್ಲಿ ಹತ್ತು ಸಲ ತಿರುಗುತ್ತದೆ. ಕಟ್ಟಿದ ಮೇಲೆ ಬೆಂಕಿ ಕಾಣುವುದಿಲ್ಲ. ಪಾಕದ ಉಂಡಿಯೂ ಅಷ್ಟೇ, ಕೈಗೆ ತಾಳುವಷ್ಟು ಆರಿದ ಮೇಲೆಯೇ ಕಟ್ಟುವುದು. ಹೊಟ್ಟೆ ಕೆಟ್ಟಿದ್ದವರು ಕಟ್ಟಿದ ಉಂಡಿ ಆ ಸೋಂಕನ್ನು ನೇರವಾಗಿ ನಿಮ್ಮ ಬಾಯಿಗೆ ತರಬಹುದು. ಹಾಗಾಗಿ ಕೇಳಿ: ಯಾರು ಕಟ್ಟಿದ್ದು, ಯಾವಾಗ ಕಟ್ಟಿದ್ದು? ಕಾಯಿಲೆ ಬರುವುದಕ್ಕೆ ನಾಲ್ಕು ದಿನ ಮುಂಚೆಯೇ, ಆರಾಮಾಗಿದ್ದವರು ಕಟ್ಟಿ ಡಬ್ಬಿಗೆ ಹಾಕಿದ್ದರೆ, ಮಕ್ಕಳ ಕೈ ಡಬ್ಬಿಯೊಳಗೆ ಹೋಗಿರದಿದ್ದರೆ ತಿನ್ನಬಹುದು. ಇಲ್ಲದಿದ್ದರೆ ಬಿಡಿ. "ಈ ಸಲ ಉಂಡಿ ನಾ ಕಟ್ಟಿಕೊಂಡು ಬರ್ತೀನಿ, ನೀವು ಒಲಿ ಮುಂದ ಕೂಡಬ್ಯಾಡ್ರಿ" ಅಂತ ಮೊದಲೇ ಹೇಳಿದರೆ ಅತ್ತೆಗೂ ಅವ್ವನಿಗೂ ಖುಷಿಯೇ ಆಗುತ್ತದೆ.

ಕಾಯಿಲೆ ಬಿದ್ದವರು ಆರಾಮಾದ ಮೇಲೂ ಕನಿಷ್ಠ ಎರಡು ದಿನ ಬೇರೆಯವರಿಗೆ ಅಡುಗೆ ಮಾಡಬಾರದು. ನಮ್ಮಲ್ಲಿ ಮನೆಯ ಹೆಂಗಸರಿಗೆ ಆ ಎರಡು ದಿನ ಸಿಗುವುದೇ ಇಲ್ಲ. ರಾತ್ರಿ ವಾಂತಿ ಮಾಡಿಕೊಂಡವಳು ಬೆಳಿಗ್ಗೆ ರೊಟ್ಟಿ ಬಡಿಯಬೇಕು. ಇದು ಅವಳಿಗೂ ಅನ್ಯಾಯ, ಮನೆಗೂ ಅಪಾಯ. ಗಂಡಸರು ಎರಡು ದಿನ ಅನ್ನ-ಸಾರು ಮಾಡಲಿ.

ಉಡಿ ತುಂಬಿದರೆ ಸಂತೋಷದಿಂದ ತುಂಬಿಸಿಕೊಳ್ಳಿ. ಅಕ್ಕಿ ಬೇಯುತ್ತದೆ, ಕಾಯಿ ತೊಳೆದು ಒಡೆಯಬಹುದು. ಅದಕ್ಕೆ ಹೆದರಬೇಕಾಗಿಲ್ಲ.

ನೀರಿನ ಮಾತು

ನಮ್ಮ ಅವಳಿ ನಗರಕ್ಕೆ ಮಲಪ್ರಭೆಯ ನೀರು ಸವದತ್ತಿ ಹತ್ತಿರದ ರೇಣುಕಾ ಸಾಗರದಿಂದ ಬರುತ್ತದೆ. ಬಹಳ ಬಡಾವಣೆಗಳಲ್ಲಿ ಅದು ದಿನ ಬಿಟ್ಟು ದಿನ ಬಿಟ್ಟು ಬರುವುದು ಹಳೆಯ ಕಥೆ. ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ನಡೆದಾಗ, ಸಂಶೋಧಕರು ಎರಡೂ ಬಗೆಯ ನೀರನ್ನು ಹೋಲಿಸಿ ನೋಡಿದ್ದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಸಿಕ್ಕಿತು. ಕಾರಣ ಇದು: ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಸೋರುವ ಜಾಗದಿಂದ ಸುತ್ತಲಿನ ಕೊಳೆನೀರು ಒಳಗೆ ಬರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲಿಗೆ ಬರುವುದೇ ಆ ಕೊಳೆ. ಅದಕ್ಕೆ ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ಕುಡಿಯಲು ಹಿಡಿಯಬೇಡಿ, ನೆಲ ತೊಳೆಯಲು ಇಟ್ಟುಕೊಳ್ಳಿ.

ಹಿಡಿದಿಟ್ಟ ನೀರಿಗೆ ಇನ್ನೊಂದು ಅಪಾಯ ಲೋಟದ್ದು. ಕೊಡದೊಳಗೆ ಲೋಟ ಅದ್ದಿದಾಗ ಬೆರಳೂ ಅದ್ದುತ್ತದೆ. ಉದ್ದ ಹಿಡಿಕೆಯ ಸೌಟು ಅಥವಾ ನಲ್ಲಿ ಇರುವ ಡ್ರಮ್ ಇದ್ದರೆ ಈ ತೊಂದರೆ ಇಲ್ಲ. ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ. ಭೇಟಿಗೆ ಹೋದವರು ಇಷ್ಟೆಲ್ಲ ಪರೀಕ್ಷೆ ಮಾಡುವ ಅಗತ್ಯ ಇಲ್ಲ. ನಿಮ್ಮ ಬಾಟಲಿ ನೀರೇ ಕುಡಿಯಿರಿ.

ಅವರಿಗೆ ಸಹಾಯ ಮಾಡಲೇ ಹೋಗಿದ್ದರೆ

ಮುದುಕರು ಇಬ್ಬರೇ ಇರುವ ಮನೆ, ಅಥವಾ ತಾಯಿಯೇ ಮಲಗಿದ ಮನೆ. ಅಲ್ಲಿ 48 ಗಂಟೆ ಕಾಯುವ ಮಾತಿಲ್ಲ, ಹೋಗಲೇಬೇಕು. ಗಟ್ಟಿಮುಟ್ಟಾದ ಒಬ್ಬರೇ ಹೋಗಿ.

ವಾಂತಿ ಬಿದ್ದ ಜಾಗವನ್ನು ಕಸಬರಿಗೆಯಿಂದ ಗುಡಿಸಬೇಡಿ, ಸಿಡಿಯುತ್ತದೆ. ಮೂಗು-ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ. ಮೇಲೆ ಹಳೆ ಪೇಪರ್ ಹಾಸಿ ಹೀರಿಕೊಳ್ಳಲು ಬಿಡಿ. ಅಂಚಿನಿಂದ ನಡುವಿಗೆ ಒಟ್ಟುಮಾಡಿ, ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಜಾಗವನ್ನು ಸೋಪಿನ ನೀರಿನಿಂದ ಒರೆಸಿ. ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಪುಡಿ, ಅಂದರೆ ಊಟದ ದೊಡ್ಡ ಚಮಚದಲ್ಲಿ ತುಂಬಿ ಒಂದು ಚಮಚ. ಚಿಲಕ, ನಲ್ಲಿ, ಸಂಡಾಸದ ಮಗ್ ಒರೆಸಲು ಲೀಟರಿಗೆ 5 ಗ್ರಾಂ ಸಾಕು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಆಮೇಲೆ ಬರಿ ನೀರಿನಿಂದ ಒರೆಸಿ. ಪುಡಿ ಹೊಸದಾಗಿರಲಿ, ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ಶಕ್ತಿ ಇರುವುದಿಲ್ಲ. ಫಿನೈಲ್ ವಾಸನೆ ತೆಗೆಯುತ್ತದೆ, ಈ ವೈರಸ್ ವಿಷಯದಲ್ಲಿ ಅದನ್ನು ನಂಬಬೇಡಿ.

ಬ್ಲೀಚಿಂಗ್ ಪೌಡರ್ ಜೊತೆ ಸಂಡಾಸ ತೊಳೆಯುವ ಆಸಿಡ್ ಎಂದೂ ಬೆರೆಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ, ಬಾಗಿಲು ತೆಗೆದೇ ಕೆಲಸ ಮಾಡಿ.

ಕೊಳೆಯಾದ ಹಾಸಿಗೆ ಬಟ್ಟೆ ಕೊಡವದೆ ಸುರುಳಿ ಸುತ್ತಿ ಒಯ್ದು, ಬೇರೆಯಾಗಿ ಬಿಸಿನೀರಲ್ಲಿ ಸೋಪು ಹಾಕಿ ಒಗೆಯಿರಿ, ಬಿಸಿಲಿಗೆ ಹಾಕಿ.

ಮನೆಗೆ ಬಂದ ಮೇಲೆ

ಕೈ ತೊಳೆಯಿರಿ. ಮೊಬೈಲ್ ಒರೆಸಿ. ಮೈಮೇಲೆ ಏನಾದರೂ ಸಿಡಿದಿದ್ದರೆ ಬಟ್ಟೆ ಬದಲಿಸಿ. ನೊರೊವೈರಸ್ ಆಗಿದ್ದರೆ 12ರಿಂದ 48 ಗಂಟೆಯೊಳಗೆ ಗೊತ್ತಾಗುತ್ತದೆ. ಆ ಎರಡು ದಿನ ಮದುವೆ ಮನೆಯಲ್ಲಿ ಅಡುಗೆಗೆ ಕೈ ಹಾಕುವುದು, ಬಡಿಸಲು ನಿಲ್ಲುವುದು ಬೇಡ. ಟೈಫಾಯ್ಡ್, ಕಾಮಾಲೆ ಆಗಿದ್ದ ಮನೆಯಾದರೆ ಲೆಕ್ಕ ಬೇರೆ. ಅವು ವಾರಗಟ್ಟಲೆ ತಡವಾಗಿ ಕಾಣಿಸಿಕೊಳ್ಳುತ್ತವೆ, ವೈದ್ಯರನ್ನು ಕೇಳಿ.

ಶುರುವಾಗಿಯೇ ಬಿಟ್ಟರೆ ಮೊದಲ ಕೆಲಸ ಓಆರ್‌ಎಸ್. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಓದಿ, ದೊಡ್ಡದಾದರೆ ಒಂದು ಲೀಟರಿಗೆ ಪೂರ್ತಿ ಪ್ಯಾಕೆಟ್. ಅರ್ಧ ಪ್ಯಾಕೆಟ್ಟು ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಕಲಸಬೇಡಿ. ಕಲಸಿದ್ದು 24 ಗಂಟೆಗೆ ಮಾತ್ರ. ವಾಂತಿ ಇದ್ದರೆ ಹತ್ತು ನಿಮಿಷ ತಡೆದು, ಚಮಚ ಚಮಚ ಕೊಡಿ. ಮಕ್ಕಳಿಗೆ ಭೇದಿ ಆದಾಗ 14 ದಿನ ಜಿಂಕ್ ಕೊಡುತ್ತಾರೆ, ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಭೇದಿ ನಿಲ್ಲಿಸುವ ಗುಳಿಗೆಯನ್ನು ಮಕ್ಕಳಿಗೆ ನೀವೇ ಕೊಡಬೇಡಿ.

ಆರೆಂಟು ಗಂಟೆ ಮೂತ್ರ ಆಗದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಮಗು ಮಂಕಾಗಿ ಎಚ್ಚರ ತಪ್ಪುವಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಕ್ಕಿ ತೊಳೆದ ನೀರಿನಂತೆ ಭೇದಿ ಹರಿಯುತ್ತಿದ್ದರೆ, ಗುಟುಕು ನೀರೂ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯವರು ಸರಕಾರಿ ಕೆಎಂಸಿಆರ್‌ಐ ಆಸ್ಪತ್ರೆಗೆ (ಹಿಂದಿನ ಕಿಮ್ಸ್), ಉಳಿದವರು ಹತ್ತಿರದ ಜಿಲ್ಲಾ ಅಥವಾ ತಾಲೂಕು ಆಸ್ಪತ್ರೆಗೆ ತಡಮಾಡದೆ ಹೋಗಿ.

ನಿಮಗೂ ಶುರುವಾಯಿತು ಅಂದರೆ ಹೋಗಿದ್ದ ಮನೆಗೆ ಫೋನ್ ಮಾಡಿ ತಿಳಿಸಿ. ದೂರುವ ದನಿ ಬೇಡ, "ನಮಗೂ ಹತ್ತೇತ್ರಿ, ನಾಳೆ ಬರಾವ್ರಿಗೆ ಎರಡ ದಿನ ತಡದು ಬಾ ಅಂತ ಹೇಳ್ರಿ" ಅಂದರೆ ಸಾಕು. ಪಂಚಮಿಗೆ ಇನ್ನೂ ಯಾರಾದರೂ ಕೂಸು ಎತ್ತಿಕೊಂಡು ಆ ಮನೆಗೆ ಹೊರಟಿರಬಹುದು.